ಪಕ್ಕದ ಗೋಡೆಗೂ ಅದೇ ಬಣ್ಣ

ಮೆಲ್ಬರ್ನಿನ ಪೂರ್ವ ಬಡಾವಣೆ ಬೊರೋನಿಯಾದಲ್ಲಿ ಒಂದು ಸ್ವಾಮಿನಾರಾಯಣ ದೇವಸ್ಥಾನವಿದೆ. 2025ರ ಜುಲೈ ತಿಂಗಳಲ್ಲಿ ಅದರ ಗೋಡೆಯ ಮೇಲೆ ಯಾರೋ ಬಣ್ಣದಲ್ಲಿ ಬೈಗುಳ ಬರೆದು ಹೋದರು. ಕಂದು ಮೈಬಣ್ಣದವರು ತಮ್ಮ ದೇಶಕ್ಕೆ ತೊಲಗಲಿ ಎನ್ನುವುದು ಅದರ ತಾತ್ಪರ್ಯ. ಗ್ಲೆನ್ ವೇವರ್ಲಿಯ ನಮ್ಮ ಮನೆಗಳಿಂದ ಅದು ಬಹಳ ದೂರವೇನಲ್ಲ. ಸುದ್ದಿ ಬಂದ ಕೂಡಲೇ ಆ ಗೋಡೆಯ ಚಿತ್ರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಹರಿದಾಡಿತು. ಸಂಕಟವೂ ಆಯಿತು, ಸಿಟ್ಟೂ ಬಂತು. ಆದರೆ ಅದೇ ಸುದ್ದಿಯಲ್ಲಿ ಇನ್ನೊಂದು ಸಂಗತಿಯೂ ಇತ್ತು. ಅಲ್ಲೇ ಹತ್ತಿರದಲ್ಲಿ ಏಷ್ಯಾ ಮೂಲದವರು ನಡೆಸುವ ಎರಡು ಹೋಟೆಲುಗಳ ಗೋಡೆಯ ಮೇಲೂ ಅದೇ ಬೈಗುಳ ಬರೆದಿದ್ದರು. ದೇವಸ್ಥಾನದ ಬಗ್ಗೆ ನೂರು ಮಾತು ಆಡಿದ ನಾವು ಆ ಎರಡು ಹೋಟೆಲುಗಳ ಬಗ್ಗೆ ಎಷ್ಟು ಮಾತಾಡಿದೆವು?

ಈ ಬೆಳಗಿನ ಚಿಂತನೆಗೆ ಆ ಒಂದು ಪ್ರಶ್ನೆ ಸಾಕು.

ಗ್ಲೆನ್ ವೇವರ್ಲಿ ರೈಲುಮಾರ್ಗದ ಕೊನೆಯ ಸ್ಟೇಷನ್. ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಕಿಂಗ್ಸ್‌ವೇ ಬೀದಿ. ಬೆಳಗಿನ ಹೊತ್ತು ಚೀನೀ ಬೇಕರಿಯ ಬಾಗಿಲು ತೆರೆದಿರುತ್ತದೆ, ಮಲೇಷಿಯಾದವರ ಹೋಟೆಲಿನಲ್ಲಿ ಕುರ್ಚಿಗಳು ಇನ್ನೂ ಮೇಜಿನ ಮೇಲೇ ಇರುತ್ತವೆ. ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬಂದ ಅಜ್ಜಿಯರು ಬೆಂಚಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತಾರೆ. ಒಬ್ಬರು ಮೈಸೂರಿನಿಂದ ಮಗಳ ಬಾಣಂತನಕ್ಕೆ ಬಂದವರು, ಇನ್ನೊಬ್ಬರು ದಕ್ಷಿಣ ಚೀನಾದಿಂದ ಮಗನ ಮನೆಗೆ ಬಂದವರು. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಮೊದಲು ಫೋನಿನಲ್ಲಿ ಮೊಮ್ಮಗುವಿನ ಚಿತ್ರ ತೋರಿಸಿಕೊಳ್ಳುತ್ತಾರೆ. ಆಮೇಲೆ ಒಬ್ಬರ ಚೀಲದಿಂದ ಕೋಡುಬಳೆ ಹೊರಬರುತ್ತದೆ, ಇನ್ನೊಬ್ಬರ ಚೀಲದಿಂದ ಕಿತ್ತಳೆ. ‘ತಗೊಳ್ಳಿ, ಮನೇಲೇ ಮಾಡಿದ್ದು’ ಎಂದು ಇವರು ಕನ್ನಡದಲ್ಲೇ ಹೇಳುತ್ತಾರೆ. ಅವರು ತಮ್ಮ ಭಾಷೆಯಲ್ಲಿ ಏನೋ ಹೇಳಿ ನಗುತ್ತಾರೆ. ಕೆಟ್ಟ ಮಾತು ಎಸೆದು ಹೋಗುವ ಕಾರಿನವನಿಗೆ ಈ ಇಬ್ಬರಲ್ಲಿ ಯಾರು ಯಾವ ದೇಶದವರು ಎಂಬುದು ಬೇಕಾಗಿಲ್ಲ. ಅವನ ಪಾಲಿಗೆ ಇಬ್ಬರೂ ಹೊರಗಿನವರೇ.

2020ರ ಜನವರಿ 25ರಂದು ಆಸ್ಟ್ರೇಲಿಯಾದ ಮೊದಲ ಕೋವಿಡ್ ರೋಗಿ ಪತ್ತೆಯಾದದ್ದು ಇಲ್ಲೇ ಪಕ್ಕದ ಕ್ಲೇಟನ್ನಿನ ಮೊನಾಶ್ ಆಸ್ಪತ್ರೆಯಲ್ಲಿ. ಆಮೇಲಿನ ವಾರಗಳಲ್ಲಿ ಚೀನೀ ಹೋಟೆಲುಗಳು ಬಿಕೋ ಎಂದವು. ಚೀನೀ ಮುಖಚಹರೆಯವರು ರೈಲಿನಲ್ಲಿ, ಅಂಗಡಿಯಲ್ಲಿ ಬೈಗುಳ ಕೇಳಿದರು. ಐದು ವರ್ಷ ಕಳೆಯಿತು. 2025ರ ಆಗಸ್ಟ್ 31ರಂದು ಸಿಡ್ನಿ, ಮೆಲ್ಬರ್ನ್ ಮುಂತಾದ ನಗರಗಳಲ್ಲಿ ವಲಸೆ ವಿರೋಧಿ ಮೆರವಣಿಗೆಗಳು ನಡೆದವು. ಅವುಗಳ ಕರಪತ್ರ ಭಾರತೀಯರ ಹೆಸರನ್ನೇ ಎತ್ತಿ ಹೇಳಿತ್ತು: ಗ್ರೀಕರು, ಇಟಲಿಯವರು ನೂರು ವರ್ಷದಲ್ಲಿ ಬಂದದ್ದಕ್ಕಿಂತ ಹೆಚ್ಚು ಭಾರತೀಯರು ಐದು ವರ್ಷದಲ್ಲಿ ಬಂದಿದ್ದಾರಂತೆ. ಈ ಹೋಲಿಕೆಯನ್ನು ನಿಧಾನವಾಗಿ ಯೋಚಿಸಬೇಕು. ಇಂದು ಒಳ್ಳೆಯ ವಲಸಿಗರ ಮಾದರಿಯಾಗಿ ನಿಲ್ಲಿಸಿರುವ ಅದೇ ಇಟಲಿಯವರ ಮನೆ, ಅಂಗಡಿಗಳನ್ನು 1934ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕಾಲ್‌ಗೂರ್ಲಿಯಲ್ಲಿ ಗುಂಪು ಸೇರಿ ಸುಟ್ಟಿದ್ದರು. ನಿನ್ನೆ ಹೊಡೆತ ತಿಂದವರ ಹೆಸರು ಹೇಳಿಕೊಂಡೇ ಇಂದು ಇನ್ನೊಬ್ಬರನ್ನು ಹೊಡೆಯಲು ಹೊರಡುತ್ತಾರೆ. ಸರದಿ ಬದಲಾಗುತ್ತಿದೆ, ದ್ವೇಷ ಬದಲಾಗಿಲ್ಲ.

ಅದೇ ಆಗಸ್ಟ್ 31ರಂದು ಮೆಲ್ಬರ್ನಿನ ಕಿಂಗ್ಸ್ ಡೊಮೇನ್ ಉದ್ಯಾನದಲ್ಲಿ ಮೂಲನಿವಾಸಿಗಳು ನಡೆಸುತ್ತಿದ್ದ ‘ಕ್ಯಾಂಪ್ ಸಾವರೆನ್ಟಿ’ ಶಿಬಿರದ ಮೇಲೆ ನವನಾಜಿಗಳು ದಾಳಿ ಮಾಡಿ ಅಲ್ಲಿದ್ದವರಿಗೆ ಹೊಡೆದರು. ವಲಸಿಗರಾದ ನಮಗೆ ‘ನಿಮ್ಮೂರಿಗೆ ಹೋಗಿ’ ಎನ್ನಬಹುದು. ಸಾವಿರಾರು ತಲೆಮಾರುಗಳಿಂದ ಇದೇ ಮಣ್ಣಿನಲ್ಲಿರುವವರು ಎಲ್ಲಿಗೆ ಹೋಗಬೇಕು? ಆ ಒಂದೇ ದಿನದಲ್ಲಿ ಒಂದು ಮಾತು ಸ್ಪಷ್ಟವಾಗಿರಬೇಕಿತ್ತು. ನಮ್ಮನ್ನು ಹೋಗಿ ಎನ್ನುವವರ ತಕರಾರು ವಲಸೆಯ ಲೆಕ್ಕಾಚಾರಕ್ಕೆ ಸಂಬಂಧಿಸಿದ್ದಾಗಿದ್ದರೆ ಅವರು ಆ ಶಿಬಿರದ ಕಡೆ ತಿರುಗುತ್ತಲೇ ಇರಲಿಲ್ಲ.

ನಮ್ಮವರು ಎದ್ದು ನಿಂತ ಕಥೆಯೂ ಈ ನಗರದಲ್ಲಿದೆ. 2008ರ ಏಪ್ರಿಲ್ ಕೊನೆಯಲ್ಲಿ ಭಾರತದಿಂದ ಓದಲು ಬಂದು ಟ್ಯಾಕ್ಸಿ ಓಡಿಸುತ್ತಿದ್ದ ತರುಣನೊಬ್ಬನಿಗೆ ಯಾರೋ ಚೂರಿ ಹಾಕಿ ಬೀದಿಯಲ್ಲಿ ಬಿಟ್ಟು ಹೋದರು. ನೂರಾರು ಟ್ಯಾಕ್ಸಿ ಚಾಲಕರು ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್ ಎದುರಿನ ಚೌಕದಲ್ಲಿ ಧರಣಿ ಕೂತರು. ಚಳಿಯಲ್ಲಿ ಅಂಗಿ ಬಿಚ್ಚಿ ಬರಿಮೈಯಲ್ಲಿ ಕೂತರು. ರಾತ್ರಿ ಕಳೆದು ಮರುದಿನ ಸಂಜೆಯವರೆಗೂ ಏಳಲಿಲ್ಲ. ಕೊನೆಗೆ ಸರ್ಕಾರ ಟ್ಯಾಕ್ಸಿಗಳಲ್ಲಿ ಚಾಲಕನ ಸುತ್ತ ರಕ್ಷಣಾ ತೆರೆ ಹಾಕಿಸಲು, ರಾತ್ರಿ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ವ್ಯವಸ್ಥೆ ತರಲು ಒಪ್ಪಿತು. ಆ ರಕ್ಷಣೆ ಭಾರತದ ಹುಡುಗರಿಗಷ್ಟೇ ಸಿಕ್ಕಿದ್ದಲ್ಲ. ಸೊಮಾಲಿಯಾದಿಂದ ಬಂದ ಚಾಲಕನಿಗೂ, ಇಲ್ಲೇ ಹುಟ್ಟಿದ ಚಾಲಕನಿಗೂ ಸಿಕ್ಕಿತು. ನ್ಯಾಯ ಕೇಳಿ ಪಡೆದದ್ದು ಹೀಗೆ ಕೇಳದವರಿಗೂ ತಲುಪುತ್ತದೆ.

ಮರುವರ್ಷ ವಿದ್ಯಾರ್ಥಿಗಳ ಮೇಲೆ ದಾಳಿಗಳು ಹೆಚ್ಚಾದವು. ರಾತ್ರಿ ಪಾಳಿ ಮುಗಿಸಿ ಕೊನೆಯ ರೈಲು ಹಿಡಿಯುತ್ತಿದ್ದವರು, ಬಾಡಿಗೆ ಕಡಿಮೆಯೆಂದು ದೂರದ ಬಡಾವಣೆಗಳಲ್ಲಿ ನಾಲ್ಕೈದು ಜನ ಒಂದು ಮನೆ ಹಂಚಿಕೊಂಡಿದ್ದವರು ಹೊಡೆತ ತಿಂದರು. ಆಗ ಪೊಲೀಸ್ ಅಧಿಕಾರಿಯೊಬ್ಬರು ಕೊಟ್ಟ ಸಲಹೆ ಹಲವರಿಗೆ ಇನ್ನೂ ನೆನಪಿದೆ: ರೈಲಿನಲ್ಲಿ ನಿಮ್ಮ ಭಾಷೆಯಲ್ಲಿ ಗಟ್ಟಿಯಾಗಿ ಮಾತಾಡಬೇಡಿ, ಐಪಾಡ್ ಹೊರಗೆ ಕಾಣಿಸಬೇಡಿ. ಊರಿನಲ್ಲಿರುವ ಅಮ್ಮನಿಗೆ ಫೋನಿನಲ್ಲಿ ‘ಊಟ ಆಯ್ತಾ’ ಎಂದು ಕೇಳುವುದನ್ನೂ ತಗ್ಗಿದ ದನಿಯಲ್ಲಿ ಕೇಳಬೇಕು ಎಂದರೆ, ತಪ್ಪು ಮಾಡಿದವರು ಯಾರು, ತಿದ್ದಿಕೊಳ್ಳಬೇಕಾದವರು ಯಾರು? 2009ರ ಮೇ 31ರಂದು ಸಾವಿರಾರು ವಿದ್ಯಾರ್ಥಿಗಳು, ಗಾಯಗೊಂಡ ಗೆಳೆಯ ಮಲಗಿದ್ದ ರಾಯಲ್ ಮೆಲ್ಬರ್ನ್ ಆಸ್ಪತ್ರೆಯ ಎದುರಿನಿಂದ ಹೊರಟು, ಅದೇ ಫ್ಲಿಂಡರ್ಸ್ ಸ್ಟ್ರೀಟ್ ಚೌಕಕ್ಕೆ ಬಂದು ರಾತ್ರಿಯಿಡೀ ಕೂತರು. ಬೆಳಗಿನ ಜಾವ ಪೊಲೀಸರು ಅವರನ್ನು ಎಬ್ಬಿಸಿದರು.

2010ರ ಜನವರಿಯಲ್ಲಿ ಯಾರಾವಿಲ್‌ನ ಉದ್ಯಾನದ ಹಾದಿಯಲ್ಲಿ, ಕೆಲಸಕ್ಕೆ ಹೊರಟಿದ್ದ ನಿತಿನ್ ಗಾರ್ಗ್ ಎಂಬ ತರುಣನ ಕೊಲೆಯಾಯಿತು. ಅದಾದ ಮೇಲೆ ಮಿಯಾ ನಾರ್ತ್‌ರಪ್ ಎಂಬ ಮೆಲ್ಬರ್ನಿನ ಮಹಿಳೆ, ಫೆಬ್ರುವರಿ 24ರಂದು ಭಾರತೀಯರ ಹೋಟೆಲಿಗೆ ಹೋಗಿ ಊಟ ಮಾಡಿ, ನಾವು ನಿಮ್ಮ ಜೊತೆಗಿದ್ದೇವೆ ಎಂದು ತೋರಿಸೋಣ ಎಂದು ಕರೆ ಕೊಟ್ಟರು. ಹದಿನೇಳು ಸಾವಿರಕ್ಕೂ ಹೆಚ್ಚು ಜನ ಬಂದರು. ಒಂದು ಊಟದಿಂದ ರಾತ್ರಿಯ ರೈಲು ಸುರಕ್ಷಿತವಾಗುವುದಿಲ್ಲ, ನಿಜ. ಆದರೂ ಮಗನನ್ನು ಇಷ್ಟು ದೂರ ಕಳಿಸಿ ಟಿವಿ ಮುಂದೆ ಕೂತ ತಂದೆತಾಯಿಗೆ, ಆ ಊರಿನಲ್ಲಿ ನಮ್ಮವರ ಪರವಾಗಿ ಮನೆಯಿಂದ ಹೊರಟು ಬಂದವರೂ ಇದ್ದಾರೆ ಎಂದು ತಿಳಿಯಿತು. ಆ ದಿನ ಬಂದವರಲ್ಲಿ ಹೆಚ್ಚಿನವರಿಗೆ ನಮ್ಮ ಪರಿಚಯವೇ ಇರಲಿಲ್ಲ. ಆ ಋಣ ನಮ್ಮ ಮೇಲಿದೆ.

ಆ ಋಣ ತೀರಿಸುವುದು ಸುಲಭವಲ್ಲ ಎನ್ನುವುದನ್ನು ಸಿಡ್ನಿಯಿಂದ ಕಲಿಯಬೇಕು. 2005ರ ಡಿಸೆಂಬರ್ 11ರಂದು ಕ್ರೊನುಲ್ಲಾ ಕಡಲತೀರದಲ್ಲಿ ಸುಮಾರು ಐದು ಸಾವಿರ ಜನರ ಗುಂಪು ಸೇರಿತ್ತು. ಲೆಬನಾನ್, ಅರಬ್ ಮೂಲದವರಂತೆ ಕಂಡವರನ್ನೆಲ್ಲ ಅಟ್ಟಿಸಿಕೊಂಡು ಹೊಡೆದರು. ನಾಲ್ಕು ವರ್ಷವೂ ತುಂಬಿರಲಿಲ್ಲ, 2009ರ ಜೂನ್‌ನಲ್ಲಿ ಸಿಡ್ನಿಯ ಹ್ಯಾರಿಸ್ ಪಾರ್ಕ್‌ನಲ್ಲಿ ಭಾರತೀಯ ವಿದ್ಯಾರ್ಥಿಗಳು ರಾತ್ರಿ ಬೀದಿಗಿಳಿದರು. ತಮ್ಮ ಮೇಲೆ ದಾಳಿ ಮಾಡುತ್ತಿರುವವರು ಮಧ್ಯಪ್ರಾಚ್ಯ ಮೂಲದ ಹುಡುಗರು ಎನ್ನುವುದು ಅವರ ದೂರು. ವಲಸೆ ಬಂದವರ ಎರಡು ಗುಂಪುಗಳು ಒಂದೇ ಬೀದಿಯಲ್ಲಿ ಎದುರುಬದುರಾಗಿ ನಿಂತವು. ನೋವು ಉಂಡವರಿಗೆಲ್ಲ ಕರುಣೆ ತಾನಾಗಿ ಹುಟ್ಟುತ್ತದೆ ಎಂದು ನಾವು ನಂಬಿಕೊಂಡಿರುತ್ತೇವೆ. ಹಾಗೆ ಆಗುವುದಿಲ್ಲ. ಕರುಣೆಯನ್ನು ಕಲಿಯಬೇಕು, ಕಲಿಸಬೇಕು.

ಅದನ್ನು ಕಲಿಸಿದ ಒಬ್ಬ ಮೇಷ್ಟ್ರ ಕಥೆ ನಮಗೆಲ್ಲ ಗೊತ್ತಿರಬೇಕು. ಥಾಮಸ್ ಶಡ್ರಾಕ್ ಜೇಮ್ಸ್ 1859ರಲ್ಲಿ ಮಾರಿಷಸ್‌ನಲ್ಲಿ ಭಾರತೀಯ ಮನೆತನದಲ್ಲಿ ಹುಟ್ಟಿದವರು. ಆಸ್ಟ್ರೇಲಿಯಾಕ್ಕೆ ಬಂದು 1881ರಲ್ಲಿ ಮರ್ರೆ ನದಿಯ ದಡದ ಮಲೋಗಾ ಮಿಷನ್ನಿನಲ್ಲಿ ಮೂಲನಿವಾಸಿ ಯೋರ್ಟಾ ಯೋರ್ಟಾ ಜನರ ಮಕ್ಕಳಿಗೆ ಪಾಠ ಹೇಳಲು ನಿಂತರು. ಅವರಲ್ಲೇ ಒಬ್ಬ ಹೆಣ್ಣುಮಗಳನ್ನು ಮದುವೆಯಾದರು. ಮಲೋಗಾದ ಜನ ಕಮ್ಮೆರಗುಂಜಾಕ್ಕೆ ಹೋದಾಗ ಜೊತೆಗೆ ಹೋದರು, ಒಟ್ಟು ನಾಲ್ಕು ದಶಕ ಕಲಿಸಿದರು. ಹಗಲು ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಅರ್ಜಿ ಬರೆಯುವುದು, ಹಕ್ಕು ಕೇಳುವುದು ಹೇಗೆಂದು ಆ ತರಗತಿಯಲ್ಲಿ ಕಲಿತವರಲ್ಲಿ ವಿಲಿಯಂ ಕೂಪರ್ ಒಬ್ಬರು. ಜೇಮ್ಸ್ ಮೇಷ್ಟ್ರ ಹೆಂಡತಿ ಏಡಾ ಇದೇ ಕೂಪರ್ ಅವರ ಸಹೋದರಿ.

ಕೂಪರ್ ಎಪ್ಪತ್ತು ದಾಟಿದ ಮೇಲೆ ಮೆಲ್ಬರ್ನಿನ ಫುಟ್‌ಸ್ಕ್ರೇಗೆ ಬಂದು ನೆಲೆಸಿದರು. ಮೂಲನಿವಾಸಿಗಳಿಗೆ ಪಾರ್ಲಿಮೆಂಟಿನಲ್ಲಿ ಪ್ರತಿನಿಧಿ ಬೇಕೆಂದು ಬ್ರಿಟನ್ನಿನ ದೊರೆಗೆ ಬರೆದ ಅರ್ಜಿಗೆ 1,814 ಜನರ ಸಹಿ ಕೂಡಿಸಿದರು. ಸರ್ಕಾರ ಅದನ್ನು ದೊರೆಗೆ ಕಳಿಸಲೇ ಇಲ್ಲ. ಅವರ ಮಗನೊಬ್ಬ ಮೊದಲ ಮಹಾಯುದ್ಧದಲ್ಲಿ ಇದೇ ದೇಶಕ್ಕಾಗಿ ಸತ್ತಿದ್ದ. ಇಷ್ಟೆಲ್ಲ ಅನ್ಯಾಯ ಮೈಮೇಲಿದ್ದಾಗ, 1938ರ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ಯಹೂದಿಗಳ ಅಂಗಡಿ, ಪ್ರಾರ್ಥನಾಮಂದಿರಗಳನ್ನು ಸುಟ್ಟ ಸುದ್ದಿ ಬಂತು. ಡಿಸೆಂಬರ್ 6ರಂದು, ಕೂಪರ್ ಕಾರ್ಯದರ್ಶಿಯಾಗಿದ್ದ ಆಸ್ಟ್ರೇಲಿಯನ್ ಅಬೊರಿಜಿನೀಸ್ ಲೀಗ್‌ನ ನಿಯೋಗ ಮೆಲ್ಬರ್ನಿನ ಜರ್ಮನ್ ದೂತಾವಾಸಕ್ಕೆ ಖಂಡನಾ ಪತ್ರ ಹಿಡಿದು ಹೋಯಿತು. ದೂತಾವಾಸದವರು ಪತ್ರ ತೆಗೆದುಕೊಳ್ಳಲಿಲ್ಲ. 2012ರಲ್ಲಿ ಕೂಪರ್ ಅವರ ಮೊಮ್ಮಗ ಅದೇ ಮಾತಿನ ಪತ್ರವನ್ನು ಮತ್ತೆ ಒಯ್ದಾಗ ಜರ್ಮನಿಯ ಪ್ರತಿನಿಧಿ ಸ್ವೀಕರಿಸಿದರು. ತಮ್ಮ ನೆಲದಲ್ಲೇ ಹಕ್ಕಿಲ್ಲದವರು, ಕಂಡು ಕೇಳದ ಜನರಿಗಾಗಿ ನಡೆದುಹೋದ ಆ ದಿನದ ಮುಂದೆ ನಮ್ಮ ಯಾವ ನೆಪವೂ ನಿಲ್ಲುವುದಿಲ್ಲ.

ಅದಕ್ಕೆ ಹದಿನಾಲ್ಕು ವರ್ಷ ಮೊದಲಿನ ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. 1924ರಲ್ಲಿ ಮಿತ್ತಾ ಬುಲ್ಲೋಶ್ ಎಂಬ ಭಾರತೀಯ ಮೆಲ್ಬರ್ನಿನ ಕೋರ್ಟಿನಲ್ಲಿ ಮತದ ಹಕ್ಕು ಕೇಳಿ ಗೆದ್ದರು. ಮರುವರ್ಷ ಕಾನೂನು ತಿದ್ದಿ ಇಲ್ಲಿದ್ದ ಬ್ರಿಟಿಷ್ ಇಂಡಿಯಾದವರಿಗೆ ಮತ ಹಾಕಲು ಅವಕಾಶ ಕೊಟ್ಟರು. ಮೂಲನಿವಾಸಿಗಳೆಲ್ಲರಿಗೂ ರಾಷ್ಟ್ರಮಟ್ಟದ ಮತದ ಹಕ್ಕು ಸಿಕ್ಕಿದ್ದು 1962ರಲ್ಲಿ. ಮೂವತ್ತೇಳು ವರ್ಷ ನಮ್ಮವರಿಗೆ ತೆರೆದಿದ್ದ ಬಾಗಿಲು ಈ ನೆಲದ ಒಡೆಯರಿಗೆ ಮುಚ್ಚಿತ್ತು. ನಮ್ಮ ಹಕ್ಕು ನಮಗೆ ಸಿಕ್ಕಿದ ಕೂಡಲೇ ಹೋರಾಟ ಮುಗಿಯಿತು ಎಂದುಕೊಳ್ಳುವ ಅಪಾಯ ಯಾವ ಕಾಲಕ್ಕೂ ಇದ್ದದ್ದೇ.

ಒಟ್ಟಿಗೆ ನಿಂತರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. ಈ ದೇಶದ 1975ರ ಜನಾಂಗೀಯ ತಾರತಮ್ಯ ಕಾಯ್ದೆಗೆ 1995ರಲ್ಲಿ 18ಸಿ ಕಲಂ ಸೇರಿತು. ಜನಾಂಗದ ಕಾರಣಕ್ಕೆ ಒಬ್ಬರನ್ನು ಸಾರ್ವಜನಿಕವಾಗಿ ನಿಂದಿಸುವುದು, ಅವಮಾನಿಸುವುದು, ಬೆದರಿಸುವುದು ಕಾನೂನುಬಾಹಿರ ಎಂದು ಅದು ಹೇಳುತ್ತದೆ. 2014ರಲ್ಲಿ ಸರ್ಕಾರ ಅದನ್ನು ಸಡಿಲಿಸಲು ಹೊರಟಾಗ ಮೂಲನಿವಾಸಿ, ಯಹೂದಿ, ಅರಬ್, ಚೀನೀ, ಗ್ರೀಕ್, ಅರ್ಮೇನಿಯನ್, ಭಾರತೀಯ ಸಂಘಟನೆಗಳು ಒಂದೇ ದನಿಯಲ್ಲಿ ಬೇಡ ಎಂದವು. ಗಾಜಾದಲ್ಲಿ ಯುದ್ಧ ನಡೆಯುತ್ತಿದ್ದ ಆ ಚಳಿಗಾಲದಲ್ಲೂ ಯಹೂದಿಗಳು, ಅರಬರು ಈ ವಿಷಯದಲ್ಲಿ ಒಂದೇ ಕಡೆ ನಿಂತಿದ್ದರು. ಆಗಸ್ಟ್‌ನಲ್ಲಿ ಪ್ರಧಾನಿ ಟೋನಿ ಅಬಾಟ್ ಆ ಪ್ರಸ್ತಾಪ ಕೈಬಿಟ್ಟರು. 2017ರಲ್ಲಿ ಮತ್ತೆ ಪ್ರಯತ್ನ ನಡೆದಾಗ ಸೆನೆಟ್ ಅದನ್ನು ತಿರಸ್ಕರಿಸಿತು. ಬೇರೆ ಎಲ್ಲ ವಿಷಯದಲ್ಲೂ ಒಮ್ಮತ ಬರಲಿ ಎಂದು ಇವರು ಕಾಯುತ್ತಾ ಕೂತಿದ್ದರೆ ಆ ಕಲಂ ಇಂದು ಹೀಗೆ ಇರುತ್ತಿರಲಿಲ್ಲ.

ಇಲ್ಲಿಯವರಿಗೆ ನ್ಯಾಯ ಹೇಳುವ ನಾವು ನಮ್ಮ ಊರನ್ನೂ ನೆನೆಯಬೇಕು. 2012ರ ಆಗಸ್ಟ್ ನಡುವಿನಲ್ಲಿ ಸುಳ್ಳು ಸುದ್ದಿಯ ಎಸ್ಸೆಮ್ಮೆಸ್‌ಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಸಿಟಿ ರೈಲ್ವೆ ಸ್ಟೇಷನ್ನಿನಲ್ಲಿ ಗುವಾಹಟಿಯ ರೈಲು ಹತ್ತಿದರು. ನಮ್ಮ ಹೋಟೆಲುಗಳಲ್ಲಿ ಬಡಿಸುತ್ತಿದ್ದವರು, ಅಪಾರ್ಟ್‌ಮೆಂಟುಗಳ ಗೇಟು ಕಾಯುತ್ತಿದ್ದವರು ಸಂಬಳ ಕೂಡ ಪಡೆಯದೆ ಹೊರಟರು. ಹೋಗಬೇಡಿ, ನಾವಿದ್ದೇವೆ ಎಂದು ಪ್ಲಾಟ್‌ಫಾರ್ಮಿನಲ್ಲಿ ನಿಂತು ಬೇಡಿಕೊಂಡವರೂ ಇದ್ದರು. ಆದರೆ ಆ ಮಾತಿಗಿಂತ ಭಯ ದೊಡ್ಡದಾಗಿತ್ತು, ಏಕೆಂದರೆ ಅದಕ್ಕೂ ಮೊದಲು ಎಷ್ಟೋ ವರ್ಷ ಅವರ ಕಣ್ಣು ಮೂಗು ನೋಡಿ ಆಡಿಕೊಂಡಾಗ ನಾವು ಸುಮ್ಮನಿದ್ದೆವು. 2016ರ ಜನವರಿ ಕೊನೆಯಲ್ಲಿ ಹೆಸರಘಟ್ಟ ರಸ್ತೆಯ ಕಡೆ ಯಾರೋ ಮಾಡಿದ ಅಪಘಾತಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು. ಮೈಬಣ್ಣವೊಂದೇ ಅವಳ ಅಪರಾಧ. ಮೆಲ್ಬರ್ನಿನಲ್ಲಿ ಅಲ್ಪಸಂಖ್ಯಾತರಾದ ನಾವು ಬೆಂಗಳೂರಿನಲ್ಲಿ ಬಹುಸಂಖ್ಯಾತರು. ಎರಡೂ ಕಡೆ ಒಂದೇ ಅಳತೆಗೋಲು ಹಿಡಿಯದಿದ್ದರೆ ನಮ್ಮ ದೂರಿಗೆ ಬೆಲೆಯಿಲ್ಲ.

ಪ್ರತಿ ವರ್ಷ ಇಲ್ಲಿನ ಕನ್ನಡಿಗರು ಬಸವ ಜಯಂತಿ ಮಾಡುತ್ತಾರೆ. ಬಸವಣ್ಣನವರ ಕಾಲದಲ್ಲಿ, ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ, ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಮದುವೆ ನಡೆಯಿತು, ಅದಕ್ಕಾಗಿ ಇಬ್ಬರು ತಂದೆಯರೂ ಎಳೆಹೂಟೆಯ ಶಿಕ್ಷೆಗೆ ಒಳಗಾಗಿ ಪ್ರಾಣ ಕೊಟ್ಟರು ಎಂದು ಪರಂಪರೆ ಹೇಳುತ್ತದೆ. ಮಧುವರಸರಿಗೆ ಸುಮ್ಮನಿರುವ ಅವಕಾಶವಿತ್ತು. ಅವರ ಜಾತಿ, ಅಧಿಕಾರ ಎರಡೂ ಅವರನ್ನು ಕಾಯುತ್ತಿದ್ದವು. ಆ ಕಾವಲನ್ನು ಬಿಟ್ಟು ಹರಳಯ್ಯನವರ ಪಕ್ಕದಲ್ಲಿ ನಿಂತದ್ದರಿಂದಲೇ ಅವರ ಹೆಸರು ನಮಗೆ ತಲುಪಿದೆ. ಒಗ್ಗಟ್ಟು ಎಂದರೆ ಸಂಘದ ವೇದಿಕೆಯಲ್ಲಿ ಕೈ ಕೈ ಹಿಡಿದು ತೆಗೆಸಿಕೊಳ್ಳುವ ಫೋಟೋದಲ್ಲಿ ಇರುವಂಥದ್ದಲ್ಲ. ನಮಗೆ ಸಿಕ್ಕ ಸುರಕ್ಷತೆಯಲ್ಲಿ ಒಂದಿಷ್ಟನ್ನು ಇನ್ನೊಬ್ಬರಿಗಾಗಿ ಪಣಕ್ಕಿಡುವುದು ಒಗ್ಗಟ್ಟು.

ನಮ್ಮಲ್ಲಿ ಹಲವರು ದೂರು ಕೊಡುವುದಿಲ್ಲ. ವೀಸಾಕ್ಕೆ ತೊಂದರೆಯಾದೀತು, ಪಿ.ಆರ್. (ಕಾಯಂ ವಾಸದ) ಅರ್ಜಿ ಇನ್ನೂ ಅಲ್ಲೇ ಇದೆ, ಯಾಕೆ ಸುಮ್ಮನೆ ರಗಳೆ ಎನ್ನುತ್ತಾರೆ. ಹೊಸದಾಗಿ ಬಂದವರ ಭಯ ಅರ್ಥವಾಗುವಂಥದ್ದು. ಹಾಗಿದ್ದರೆ ಇಲ್ಲಿ ಹತ್ತಿಪ್ಪತ್ತು ವರ್ಷದಿಂದ ನೆಲೆ ನಿಂತವರು, ಸ್ವಂತ ಮನೆ, ಕೆಲಸ, ಪೌರತ್ವ ಎಲ್ಲ ಇರುವವರು ಅವರ ಪರವಾಗಿ ಮಾತಾಡಬೇಕು. ಇದು ನಮ್ಮ ಪಾಲಿನ ಕೆಲಸ. ಕೂಪರ್‌ಗೆ ಇದ್ದದ್ದರ ನೂರು ಪಾಲು ಹೆಚ್ಚು ಅನುಕೂಲ ನಮಗಿದೆ.

ಆದ್ದರಿಂದ ಓದುಗರೇ, ಇಂದಿನಿಂದಲೇ ಇಷ್ಟು ಮಾಡೋಣ. ರೈಲಿನಲ್ಲಿ ಯಾರನ್ನಾದರೂ ಬಣ್ಣಕ್ಕೋ ಭಾಷೆಗೋ ಹಿಜಾಬಿಗೋ ಬೈಯುತ್ತಿದ್ದರೆ, ಬೈಯುವವನೊಡನೆ ಜಗಳಕ್ಕೆ ಇಳಿಯದೆ ಬೈಸಿಕೊಂಡವರ ಪಕ್ಕಕ್ಕೆ ಹೋಗಿ ಕೂತು ಅವರೊಡನೆ ಮಾತಾಡಿ. ಅಪಾಯ ಕಂಡರೆ 000ಗೆ ಫೋನ್ ಮಾಡಿ. ದಿನ, ಹೊತ್ತು, ಸ್ಟೇಷನ್ ಹೆಸರು ಬರೆದಿಟ್ಟುಕೊಳ್ಳಿ, ಸಾಕ್ಷಿ ಹೇಳಲು ಸಿದ್ಧ ಎಂದು ನಿಮ್ಮ ನಂಬರ್ ಕೊಡಿ. 2025ರಲ್ಲಿ ವಿಕ್ಟೋರಿಯಾ ದ್ವೇಷ ಹಬ್ಬಿಸುವುದರ ವಿರುದ್ಧದ ಕಾನೂನನ್ನು ಬಿಗಿಗೊಳಿಸಿದೆ, ಆದರೆ ದೂರೇ ಬಾರದಿದ್ದರೆ ಯಾವ ಕಾನೂನೂ ಕೆಲಸಕ್ಕೆ ಬಾರದು. ಪೊಲೀಸರಿಗೋ ರಾಜ್ಯದ ಸಮಾನ ಅವಕಾಶ ಮತ್ತು ಮಾನವ ಹಕ್ಕುಗಳ ಆಯೋಗಕ್ಕೋ ದೂರು ಕೊಡಲು ಹೆದರುವವರ ಜೊತೆಗೆ ನೀವೂ ಹೋಗಿ. ಜೇಮ್ಸ್ ಮೇಷ್ಟ್ರ, ವಿಲಿಯಂ ಕೂಪರ್ ಅವರ ಕಥೆಯನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಳಿ. ಮತ್ತೆ ಯಾವತ್ತಾದರೂ ನಮ್ಮ ದೇವಸ್ಥಾನದ ಗೋಡೆ ತೊಳೆಯಲು ನಾಲ್ಕು ಜನ ಸೇರಿದರೆ, ಬಕೆಟ್ಟು ಹಿಡಿದು ಮೊದಲು ಪಕ್ಕದವರ ಗೋಡೆಗೆ ಹೋಗಿ.